ಮಿಲೋಸ್ ದ್ವೀಪದ ಸುತ್ತ ಒಂದು ದಿನ: ನಮ್ಮದೇ ದೋಣಿ ಗೊತ್ತು ಮಾಡಿಕೊಂಡು ಹೋಗುವುದು ಹೇಗೆ?

ಗ್ರೀಸ್‌ನ ಮಿಲೋಸ್‌ಗೆ ಮೊದಲ ಸಲ ಹೋದಾಗ ದೋಣಿಯನ್ನು ಕೊನೆಯ ದಿನಕ್ಕೆ ಇಟ್ಟುಕೊಂಡಿದ್ದೆ. ಒಳ್ಳೆಯದನ್ನು ಕೊನೆಗೆ ತಿನ್ನೋಣ ಅಂತ ಹೋಳಿಗೆಯನ್ನು ಎಲೆಯ ಮೂಲೆಗೆ ಸರಿಸಿದ ಹಾಗೆ. ಆ ದಿನ ಬೆಳಗ್ಗೆ ಆರೂವರೆಗೆ ದೋಣಿಯವನ ಮೆಸೇಜು ಬಂತು: ಗಾಳಿ 7, ಇವತ್ತು ಆಗುವುದಿಲ್ಲ. ಹೊರಗೆ ಬಂದು ನೋಡಿದರೆ ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. ಚಿನ್ನದಂಥ ಬಿಸಿಲು. ಬಾಲ್ಕನಿಯಲ್ಲಿ ಒಣಗಲು ಹಾಕಿದ್ದ ಟವೆಲ್ ಮಾತ್ರ ಪಕ್ಕದ ಮನೆಯ ತಾರಸಿ ಮೇಲೆ ಬಿದ್ದಿತ್ತು.

ಎರಡು ವರ್ಷ ಬಿಟ್ಟು ಮತ್ತೆ ಹೋದೆವು. ಅಮ್ಮ, ಹೆಂಡತಿ, ಮಗಳು, ಅಕ್ಕ, ಭಾವ, ನಾನು, ಒಟ್ಟು ಆರು ಜನ. ಆ ಸಲ ದಿನ ಗೊತ್ತು ಮಾಡಿದ್ದು ಗಾಳಿ, ನಾನಲ್ಲ. ಈ ಬರಹ ಪೂರ್ತಿ ಆ ಒಂದು ವ್ಯತ್ಯಾಸದ ಬಗ್ಗೆಯೇ ಅಂದರೂ ಸರಿ.

ಮಿಲೋಸ್‌ನಲ್ಲಿ ದೋಣಿ ಯಾಕೆ ಬೇಕು?

ಮಿಲೋಸ್ ಇರುವುದು ಏಜಿಯನ್ ಸಮುದ್ರದ ಸಿಕ್ಲೇಡ್ಸ್ ದ್ವೀಪಗಳ ಗುಂಪಿನಲ್ಲಿ, ನೈಋತ್ಯದ ಕಡೆ. ಜ್ವಾಲಾಮುಖಿಯಿಂದ ಎದ್ದ ದ್ವೀಪ. ಕುದುರೆ ಲಾಳದ ಆಕಾರ, ಮಧ್ಯದಲ್ಲಿ ದೊಡ್ಡ ಕೊಲ್ಲಿ. ಕೊಲ್ಲಿಯ ಬಾಯಿ ವಾಯುವ್ಯಕ್ಕೆ ತೆರೆದಿದೆ. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿ ನಿಂತಿರುವ ಕೈ ಇಲ್ಲದ ವೀನಸ್ ಪ್ರತಿಮೆ 1820ರಲ್ಲಿ ಸಿಕ್ಕಿದ್ದು ಇಲ್ಲೇ.

ದ್ವೀಪದ ಪೂರ್ವದ ಅರ್ಧಕ್ಕೆ ರಸ್ತೆ, ಹೋಟೆಲು, ಬಸ್ಸು ಎಲ್ಲ ಇದೆ. ಪಶ್ಚಿಮದ ಅರ್ಧ ಬಹುಪಾಲು ಕುರುಚಲು ಗುಡ್ಡ ಮತ್ತು ಮಣ್ಣಿನ ದಾರಿ. ಬಾಡಿಗೆ ಕಾರಿನವರು ಆ ಕಡೆ ಹೋದರೆ ವಿಮೆ ಇಲ್ಲ ಅನ್ನುತ್ತಾರೆ. ಎಲ್ಲರೂ ನೋಡಬೇಕು ಅನ್ನುವ ಕ್ಲೆಫ್ಟಿಕೋ ಬಂಡೆಗಳು ಆ ಮೂಲೆಯಲ್ಲೇ ಇವೆ. ಅಲ್ಲಿಗೆ ರಸ್ತೆ ಇಲ್ಲ. ಬಿಸಿಲಲ್ಲಿ ಒಂದು ಗಂಟೆ ನಡೆಯಬೇಕು, ಇಲ್ಲಾ ಸಮುದ್ರದಿಂದ ಹೋಗಬೇಕು.

1. ಮೊದಲು ಗಾಳಿಯ ಲೆಕ್ಕ ಕಲಿಯಿರಿ

ನಮಗೆ ಸಮುದ್ರ ಕೆಟ್ಟಿದೆ ಅಂದರೆ ಮೋಡ, ಮಳೆ, ಗುಡುಗು ಕಣ್ಣ ಮುಂದೆ ಬರುತ್ತದೆ. ಏಜಿಯನ್‌ನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಬೇಸಿಗೆಯಲ್ಲಿ ಮಳೆಯೇ ಅಪರೂಪ. ಬೀಸುವುದು ಬಡಗಣ ಗಾಳಿ. ಹೆಸರು ಮೆಲ್ಟೆಮಿ. ಹಳೆಯ ಗ್ರೀಕರು ಇದನ್ನೇ ಎಟೀಸಿಯನ್ ಅನ್ನುತ್ತಿದ್ದರು, ಅಂದರೆ ವರ್ಷ ವರ್ಷ ಬರುವ ಗಾಳಿ.

ಇದಕ್ಕೂ ನಮಗೂ ಒಂದು ನಂಟಿದೆ. ಬಾಲ್ಕನ್ ಕಡೆ ವಾಯುಭಾರ ಜಾಸ್ತಿ, ಟರ್ಕಿ ಕಡೆ ಕಡಿಮೆ. ಆ ನಡುವೆ ನುಗ್ಗುವುದೇ ಮೆಲ್ಟೆಮಿ. ಟರ್ಕಿ ಮೇಲಿನ ಆ ಕಡಿಮೆ ಒತ್ತಡ ನಮ್ಮ ಮುಂಗಾರನ್ನು ಎಳೆದು ತರುವ ದೊಡ್ಡ ಕಡಿಮೆ ಒತ್ತಡದ ಪಶ್ಚಿಮದ ಬಾಲ. ಹಾಗಾಗಿ ಮಲ್ಪೆಯಲ್ಲಿ ಮಳೆಗಾಲಕ್ಕೆ ದೋಣಿಗಳು ದಕ್ಕೆಯಲ್ಲಿ ಕಟ್ಟಿ ನಿಂತಿರುವ ಜುಲೈನಲ್ಲೇ ಅಲ್ಲೂ ಗಾಳಿ ಏರುತ್ತದೆ. ಒಂದೇ ವ್ಯತ್ಯಾಸ ಅಂದರೆ ಇಲ್ಲಿ ಮೀನುಗಾರಿಕೆಗೆ ರಜೆ, ಅಲ್ಲಿ ಪ್ರವಾಸಿಗರ ಜಾತ್ರೆ.

ಗ್ರೀಸ್‌ನಲ್ಲಿ ಗಾಳಿಯನ್ನು ಕಿಲೋಮೀಟರ್‌ನಲ್ಲಿ ಹೇಳುವುದಿಲ್ಲ. ಬೋಫೋರ್ಟ್ ಅಳತೆಯಲ್ಲಿ ಹೇಳುತ್ತಾರೆ. ಕಾಫಿ ಅಂಗಡಿಯಲ್ಲೂ, ದಕ್ಕೆಯಲ್ಲೂ "ಇವತ್ತು ಐದು, ನಾಳೆ ಮೂರು" ಅಂತಲೇ ಮಾತು. ನೆನಪಿಟ್ಟುಕೊಳ್ಳಲು ಇಷ್ಟು ಸಾಕು:

3 ಅಂದರೆ ಗಂಟೆಗೆ 12ರಿಂದ 19 ಕಿ.ಮೀ. ಎಲ್ಲಿಗೆ ಬೇಕಾದರೂ ಹೋಗಬಹುದು. 4 ಅಂದರೆ 20ರಿಂದ 28. ಅಲ್ಲಲ್ಲಿ ಬಿಳಿ ನೊರೆ ಕಾಣಿಸುತ್ತದೆ, ಗಾಳಿಮರೆಯ ದಡ ಹಿಡಿದರೆ ಚೆನ್ನಾಗಿಯೇ ಇರುತ್ತದೆ. 5 ಅಂದರೆ 29ರಿಂದ 38. ಮಕ್ಕಳು, ವಯಸ್ಸಾದವರು ಇದ್ದರೆ ನಾನಂತೂ ಬೇಡ ಅನ್ನುತ್ತೇನೆ. 6 ಅಂದರೆ 39ರಿಂದ 49. ಸಾಮಾನ್ಯವಾಗಿ ಈ ಹೊತ್ತಿಗೆ ಬಂದರಿನ ಅಧಿಕಾರಿಗಳೇ ಸಣ್ಣ ದೋಣಿಗಳನ್ನು ತಡೆಯುತ್ತಾರೆ. ಆ ತಡೆಗೆ ಗ್ರೀಕ್‌ನಲ್ಲಿ ಅಪಗೊರೆಫ್ಟಿಕೊ ಅನ್ನುತ್ತಾರೆ. ನಾಲಿಗೆ ತಿರುಗದಿದ್ದರೂ ಪದ ಗೊತ್ತಿರಲಿ. ಅದು ಬಂತು ಅಂದರೆ ದುಡ್ಡು, ಜಗಳ, ಕಣ್ಣೀರು ಯಾವುದೂ ನಡೆಯುವುದಿಲ್ಲ.

ಫೋನಿನಲ್ಲಿ ವಿಂಡಿ ಆ್ಯಪ್ ಹಾಕಿಕೊಳ್ಳಿ. ಅದರ ಸೆಟ್ಟಿಂಗ್ಸ್‌ನಲ್ಲಿ ಗಾಳಿಯ ಅಳತೆಯನ್ನು ಬೋಫೋರ್ಟ್‌ಗೆ ಬದಲಿಸಿ. ಆಮೇಲೆ ಮೂರು ವಿಷಯ ನೋಡಿ. ಗಾಳಿಯ ಜೋರು, ಅದು ಬರುವ ದಿಕ್ಕು, ಆಗಾಗ ಬೀಸುವ ಜೋರು ಗಾಳಿಯ ಲೆಕ್ಕ. ಬಹಳ ಜನ ಮೊದಲನೆಯದನ್ನು ಮಾತ್ರ ನೋಡುತ್ತಾರೆ. ದಿಕ್ಕೇ ಮುಖ್ಯ. ಬಡಗಣ ಗಾಳಿ 4 ಇದ್ದಾಗ ದ್ವೀಪದ ಉತ್ತರ ದಡದಲ್ಲಿ ಅಲೆ ಬಂಡೆಗೆ ಬಡಿಯುತ್ತಿರುತ್ತದೆ. ಅದೇ ಹೊತ್ತಿಗೆ ದಕ್ಷಿಣ ದಡ ಕೆರೆಯ ಹಾಗೆ ಮಲಗಿರುತ್ತದೆ. ತೆಂಕಣ ಗಾಳಿ ಬೀಸಿದರೆ ಇದು ಉಲ್ಟಾ.

ಮುನ್ಸೂಚನೆಯನ್ನು ಹತ್ತು ದಿನ ಮೊದಲೇ ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಮೂರು ದಿನದೊಳಗಿನದು ನಂಬಿಕೆಗೆ ಯೋಗ್ಯ.

2. ತಿಂಗಳು, ಮತ್ತೆ ವಾರದೊಳಗಿನ ದಿನ

ದೋಣಿಗಳು ಓಡುವುದು ಮೇ ತಿಂಗಳಿಂದ ಅಕ್ಟೋಬರ್‌ವರೆಗೆ. ಜುಲೈ, ಆಗಸ್ಟ್‌ನಲ್ಲಿ ಮೆಲ್ಟೆಮಿ ಜೋರು, ಜನ ಜಾಸ್ತಿ, ರೇಟೂ ಜಾಸ್ತಿ. ನನ್ನ ಕೇಳಿದರೆ ಜೂನ್ ಅಥವಾ ಸೆಪ್ಟೆಂಬರ್. ಜೂನ್‌ನಲ್ಲಿ ನೀರು ನಮ್ಮವರಿಗೆ ಸ್ವಲ್ಪ ತಣ್ಣಗೆ, 22 ಡಿಗ್ರಿ ಆಸುಪಾಸು. ನಮ್ಮ ಕರಾವಳಿಯ ಬೆಚ್ಚಗಿನ ನೀರಿಗೆ ಇಳಿದು ಅಭ್ಯಾಸ ಇದ್ದವರು ಮೊದಲ ಸಲ ಕಾಲಿಟ್ಟಾಗ ಕಿರುಚುತ್ತಾರೆ. ಸೆಪ್ಟೆಂಬರ್‌ನಲ್ಲಿ ಬೇಸಿಗೆಯ ಬಿಸಿಲು ಕುಡಿದ ನೀರು 24ರ ಹತ್ತಿರ ಇರುತ್ತದೆ. ಮಕ್ಕಳ ಶಾಲೆಯ ರಜೆಗೆ ಮಾತ್ರ ಎರಡೂ ಹೊಂದುವುದಿಲ್ಲ, ಏನು ಮಾಡುವುದು.

ಈಗ ದಿನದ ವಿಷಯ. ಮಿಲೋಸ್‌ನಲ್ಲಿ ಕನಿಷ್ಠ ನಾಲ್ಕು ರಾತ್ರಿ ಇರಿ. ದೋಣಿಯನ್ನು ಎರಡನೇ ದಿನಕ್ಕೆ ಬುಕ್ ಮಾಡಿ. ಗಾಳಿ ಕೈ ಕೊಟ್ಟರೆ ಮೂರು, ನಾಲ್ಕನೇ ದಿನ ಕೈಯಲ್ಲಿರುತ್ತವೆ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಅಥೆನ್ಸ್ ಹತ್ತಿರದ ಪಿರೇಯಸ್ ಬಂದರಿನಿಂದ ಮಿಲೋಸ್‌ನ ಆಡಮಾಸ್ ಬಂದರಿಗೆ ವೇಗದ ಫೆರ್‍ರಿಯಲ್ಲಿ ಸುಮಾರು ಮೂರು ಗಂಟೆ, ನಿಧಾನದ್ದರಲ್ಲಿ ಐದರಿಂದ ಏಳು ಗಂಟೆ. ಗಾಳಿ ಏರಿದರೆ ವೇಗದ ಫೆರ್‍ರಿಗಳೇ ಮೊದಲು ನಿಲ್ಲುತ್ತವೆ. ಆದ್ದರಿಂದ ಮಿಲೋಸ್‌ನಿಂದ ಹೊರಡುವ ದಿನವೇ ಅಥೆನ್ಸ್‌ನಿಂದ ಬೆಂಗಳೂರಿನ ಕಡೆಗೆ ವಿಮಾನ ಇಟ್ಟುಕೊಳ್ಳಬೇಡಿ. ಒಂದು ರಾತ್ರಿ ಅಥೆನ್ಸ್‌ನಲ್ಲಿ ಉಳಿಯಿರಿ. ಆ ರಾತ್ರಿಯ ಬಾಡಿಗೆ ವಿಮಾನದ ಟಿಕೆಟ್‌ಗಿಂತ ಕಡಿಮೆ.

3. ಯಾವ ಥರದ ದೋಣಿ?

ನಾಲ್ಕು ಥರ ಸಿಗುತ್ತದೆ.

ರಿಬ್ ಅಂದರೆ ಸುತ್ತ ಗಾಳಿ ತುಂಬಿದ ರಬ್ಬರ್ ಕೊಳವೆ ಇರುವ ಸ್ಪೀಡ್ ಬೋಟು. ಬೇಗ ಹೋಗುತ್ತದೆ, ಗುಹೆಗಳೊಳಗೆ ನುಗ್ಗುತ್ತದೆ. ಆದರೆ ಅಲೆ ಎದ್ದರೆ ಹಳ್ಳ ಬಿದ್ದ ರಸ್ತೆಯಲ್ಲಿ ಟೆಂಪೋ ಹಿಂದೆ ಕುಳಿತ ಹಾಗೆ. ಬೆನ್ನುನೋವು ಇರುವವರು, ಗರ್ಭಿಣಿಯರು ಇದನ್ನು ಬಿಡಿ. ಹತ್ತಿದರೂ ಮುಂದಿನ ತುದಿಯಲ್ಲಿ ಕೂರಬೇಡಿ, ಹಿಂದೆ ಕೂತುಕೊಳ್ಳಿ. ಫೋಟೋ ಚೆನ್ನಾಗಿ ಬರುವುದು ಮುಂದೆ, ಸೊಂಟ ಉಳಿಯುವುದು ಹಿಂದೆ.

ಕ್ಯಾಟಮರಾನ್ ಎರಡು ಒಡಲಿನ ದೋಣಿ. ಹೆಚ್ಚು ವಾಲುವುದಿಲ್ಲ. ನೆರಳು, ಟಾಯ್ಲೆಟ್, ಅಡುಗೆಮನೆ ಎಲ್ಲ ಇದೆ. ವಯಸ್ಸಾದವರಿಗೆ ಇದೇ ಸರಿ. ರೇಟು ಮಾತ್ರ ಮೇಲೆ.

ಹಾಯಿದೋಣಿ ನಿಧಾನ, ಚೆಂದ, ಗಾಳಿಗೆ ಒಂದು ಕಡೆ ವಾಲುತ್ತದೆ. ಮೊದಲ ಸಲ ವಾಲಿದಾಗ ಮುಳುಗಿತು ಅಂತಲೇ ಅನಿಸುತ್ತದೆ. ಮುಳುಗುವುದಿಲ್ಲ. ಕೆಳಗೆ ಭಾರ ಕಟ್ಟಿರುತ್ತಾರೆ.

ನಾಲ್ಕನೆಯದು ಕಾಯಿಕಿ, ಮರದ ಹಳೆಯ ಮೀನುಗಾರಿಕೆ ದೋಣಿ. ಡೀಸೆಲ್ ಎಂಜಿನ್ ಟುಕ್ ಟುಕ್ ಅನ್ನುತ್ತದೆ. ನಿಧಾನ, ಅಗಲ, ಮನೆಯ ಜಗಲಿ ಥರ. ನಾವು ಹತ್ತಿದ್ದು ಇದನ್ನೇ.

ಗ್ರೀಸ್‌ನಲ್ಲಿ 30 ಹಾರ್ಸ್‌ಪವರ್‌ವರೆಗಿನ ಸಣ್ಣ ಬೋಟನ್ನು ಲೈಸೆನ್ಸ್ ಇಲ್ಲದೆ ಬಾಡಿಗೆಗೆ ಪಡೆದು ನಾವೇ ಓಡಿಸಬಹುದು. ಭಾವ ಇದನ್ನು ಓದಿ ಎರಡು ದಿನ ಹಿಂದೆ ಬಿದ್ದರು. ಗ್ರೀಸ್‌ನ ಪಶ್ಚಿಮದ ಕಾರ್ಫು, ಪಾಕ್ಸೋಸ್ ದ್ವೀಪಗಳ ಕಡೆ ಸಮುದ್ರ ಮೆತ್ತಗಿರುವಾಗ ಇದು ಒಳ್ಳೆಯ ಮೋಜು. ಮೆಲ್ಟೆಮಿ ಬೀಸುವ ಮಿಲೋಸ್‌ನಲ್ಲಿ, ಲಂಗರು ಹಾಕಲು ಬಾರದ ನಮ್ಮಂಥವರು, ಬಂಡೆಗಳ ನಡುವೆ? ಬೇಡ. ದೋಣಿ ನಡೆಸುವವನ ಜೊತೆಗೇ ಗೊತ್ತು ಮಾಡಿ.

ದುಡ್ಡಿನ ವಿಷಯಕ್ಕೆ ಬಂದರೆ, ಹಂಚಿಕೊಂಡು ಹೋಗುವ ದೋಣಿಯಲ್ಲಿ ಇಡೀ ದಿನಕ್ಕೆ ತಲೆಗೆ ನೂರು ಯೂರೋ ಆಸುಪಾಸಿನಿಂದ ಶುರುವಾಗುತ್ತದೆ. ಪೂರ್ತಿ ದೋಣಿ ನಮಗೇ ಬೇಕು ಅಂದರೆ ದಿನಕ್ಕೆ ಸಾವಿರ ಯೂರೋ ದಾಟುವುದು ಸಾಮಾನ್ಯ. ಇಬ್ಬರೇ ಇದ್ದರೆ ಸುಮ್ನೆ ದಂಡ. ಆರು ಎಂಟು ಜನ ಸೇರಿದರೆ ಲೆಕ್ಕ ಹತ್ತಿರ ಹತ್ತಿರ ಬರುತ್ತದೆ, ಮೇಲಾಗಿ ನಮ್ಮ ಹೊತ್ತಿಗೆ ನಿಲ್ಲಿಸಬಹುದು, ನಮ್ಮ ಊಟ ಕೇಳಬಹುದು. ಅಮ್ಮನಿಗೆ ಮಂಡಿ ನೋವು, ಇನ್ನೂ ಹತ್ತು ನಿಮಿಷ ಬೇಕು ಅಂದರೆ ಯಾರೂ ಗೊಣಗುವುದಿಲ್ಲ.

4. ದಾರಿ: ಕಾಗದದ ಮೇಲೆ ಎರಡು ಇಟ್ಟುಕೊಳ್ಳಿ

ಒಂದೇ ದಾರಿ ಹಿಡಿದು ಹಟ ಮಾಡುವವರಿಗೆ ಮಿಲೋಸ್ ಬೇಸರ ತರುತ್ತದೆ. ಹೋಗುವ ಮುಂಚೆಯೇ ಎರಡು ದಾರಿ ಮನಸ್ಸಿನಲ್ಲಿರಲಿ.

ಮೊದಲನೆಯದು ಪಶ್ಚಿಮದ್ದು. ಆಡಮಾಸ್‌ನಿಂದ ಹೊರಟು ಕೊಲ್ಲಿಯ ಬಾಯಿಯ ಕಡೆ ಹೋಗುತ್ತೀರಿ. ಬಲಗಡೆ ಕ್ಲಿಮಾ ಊರು ಕಾಣಿಸುತ್ತದೆ. ನೀರಿಗೆ ತಾಗಿಕೊಂಡೇ ಸಾಲು ಮನೆಗಳು, ಕೆಳಗೆ ಕೆಂಪು, ನೀಲಿ, ಹಸಿರು ಬಾಗಿಲು. ಇವಕ್ಕೆ ಸಿರ್ಮಾತಾ ಅನ್ನುತ್ತಾರೆ. ಕೆಳಗೆ ದೋಣಿ, ಮೇಲೆ ಮನುಷ್ಯರು. ಚಳಿಗಾಲದಲ್ಲಿ ಅಲೆ ಹೊಡೆಯುವಾಗ ಮೀನುಗಾರರು ದೋಣಿಯನ್ನು ಎಳೆದು ಒಳಗೆ ಇಡುತ್ತಿದ್ದರು. ನಮ್ಮ ಹಳ್ಳಿ ಮನೆಗಳಲ್ಲಿ ದನಕ್ಕೆ ಕೊಟ್ಟಿಗೆ ಇರುವಂತೆ ಇಲ್ಲಿ ದೋಣಿಗೆ ಕೊಟ್ಟಿಗೆ. ಇದನ್ನು ಸಮುದ್ರದಿಂದ ನೋಡಿದರೇ ಚೆಂದ, ಎದುರು ಸ್ವಲ್ಪ ದೂರ ನಿಂತು ನೋಡಲು ಅಲ್ಲಿ ನೆಲವೇ ಇಲ್ಲ.

ಕೊಲ್ಲಿಯ ಬಾಯಲ್ಲಿ ಕರಡಿ ಥರ ಕೂತ ಬಂಡೆಗಳಿವೆ, ಹೆಸರೂ ಅದೇ, ಆರ್ಕೂಡೆಸ್, ಕರಡಿಗಳು. ವಾನಿ ಭೂಶಿರ ದಾಟಿ ತೆಂಕಣಕ್ಕೆ ತಿರುಗಿದರೆ ಪಶ್ಚಿಮದ ದಡ. ಮೊದಲು ಸಿಕಿಯಾ ಗುಹೆ, ಆಮೇಲೆ ಕ್ಲೆಫ್ಟಿಕೋ, ಅದರಾಚೆ ಗೆರೊಂಟಾಸ್ ಕಡಲತೀರ. ರಿಬ್‌ನಲ್ಲಿ ಗಂಟೆಯ ದಾರಿ, ಹಾಯಿದೋಣಿಯಲ್ಲಿ ಎರಡು ಮೂರು ಗಂಟೆ.

ಸಿಕಿಯಾ ಒಂದು ಸಮುದ್ರ ಗುಹೆ. ಅದರ ಚಾವಣಿ ಕುಸಿದು ಮೇಲೆ ದುಂಡನೆಯ ಬಾಯಿ ಬಿದ್ದಿದೆ. ನಡು ಮಧ್ಯಾಹ್ನದ ಸುಮಾರಿಗೆ ಆ ಬಾಯಿಂದ ಬಿಸಿಲು ನೇರ ನೀರಿಗೆ ಇಳಿಯುತ್ತದೆ. ಕ್ಲೆಫ್ಟಿಕೋಗೆ ಮಾತ್ರ ಬೆಳಗ್ಗೆ ಹನ್ನೊಂದರೊಳಗೆ, ಇಲ್ಲವೇ ಸಂಜೆ ನಾಲ್ಕರ ಮೇಲೆ ಹೋಗಬೇಕು. ನಡುವೆ ದೊಡ್ಡ ದೋಣಿಗಳೆಲ್ಲ ಅಲ್ಲಿ ಸೇರುತ್ತವೆ, ಕೆ.ಆರ್. ಮಾರ್ಕೆಟ್ಟು. ಹಾಗಾಗಿ ಸಿಕಿಯಾವನ್ನು ದಾಟಿ ನೇರ ಕ್ಲೆಫ್ಟಿಕೋಗೆ ಹೋಗಿ, ವಾಪಸ್ ಬರುವಾಗ ಸಿಕಿಯಾ ನೋಡಿ. ನಮ್ಮದೇ ದೋಣಿ ಇರುವುದರ ದೊಡ್ಡ ಲಾಭ ಇಂಥ ಕಡೆ.

ಒಂದು ಎಚ್ಚರಿಕೆ. ಹೋಗುವಾಗ ಬಡಗಣ ಗಾಳಿ ಬೆನ್ನಿಗಿರುತ್ತದೆ. ದೋಣಿ ಜಾರುತ್ತದೆ, ಎಲ್ಲರೂ ಹಾಡು ಹೇಳುತ್ತಾರೆ. ಬರುವಾಗ ಅದೇ ಗಾಳಿ ಎದುರಿಗೆ. ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಅದು ಇನ್ನೂ ಏರಿರುತ್ತದೆ. ಬೆಳಗಿನ ಸುಖ ನೋಡಿ ಸಂಜೆಯನ್ನು ಅಳೆಯಬೇಡಿ. "ಇನ್ನೊಂದು ಬೀಚ್ ನೋಡೋಣ" ಅಂತ ನೀವು ಅಂದಾಗ ದೋಣಿಯವನು ಉತ್ತರದ ಕಡೆ ನೋಡಿ ತಲೆ ಅಲ್ಲಾಡಿಸಿದರೆ ವಾದ ಮಾಡಬೇಡಿ.

ಗಾಳಿ ಸ್ವಲ್ಪ ಜೋರಿದ್ದರೆ ಕೆಲವರು ಪಶ್ಚಿಮದ ಸುತ್ತು ಬಿಟ್ಟು, ದಕ್ಷಿಣ ದಡದ ಬೀಚುಗಳಿಂದಲೇ ಜನರನ್ನು ಹತ್ತಿಸಿಕೊಳ್ಳುತ್ತಾರೆ. ಫಿರಿಪ್ಲಾಕಾದ ಬಣ್ಣದ ಬಂಡೆ, ಸಂದಿಯಲ್ಲಿ ಹಗ್ಗ ಏಣಿ ಹಿಡಿದು ಇಳಿಯಬೇಕಾದ ತ್ಸಿಗ್ರಾಡೋ, ಗೆರಾಕಾಸ್ ಎಲ್ಲ ಆ ದಡದಲ್ಲೇ. ಇದನ್ನು ಎರಡನೇ ದರ್ಜೆ ಅಂದುಕೊಳ್ಳಬೇಡಿ.

ಎರಡನೇ ದಾರಿ ಈಶಾನ್ಯದ್ದು. ಪೊಲೋನಿಯಾ ಅನ್ನುವ ಮೀನುಗಾರರ ಊರಿಂದ ಹೊರಡುವುದು. ಎದುರಿಗೇ ಕಿಮೋಲೋಸ್ ದ್ವೀಪ, ಅದರ ಪಕ್ಕ ಪೊಲಿಯೇಗೋಸ್. ಪೊಲಿಯೇಗೋಸ್ ಅಂದರೆ ಬಹಳ ಆಡು ಇರುವ ಜಾಗ. ಈಗ ಅಲ್ಲಿ ಮನುಷ್ಯರಿಲ್ಲ, ಆಡುಗಳಿವೆ. ಅದರ ದಕ್ಷಿಣದ ಕಡೆಯ ಸಣ್ಣ ಸಣ್ಣ ಕೊಲ್ಲಿಗಳಲ್ಲಿ ಬಿಳಿ ತಳ ಇರುವುದರಿಂದ ನೀರಿನ ಬಣ್ಣ ಫೋಟೋದಲ್ಲಿ ಸುಳ್ಳು ಅನ್ನಿಸುತ್ತದೆ. ಈ ದಡಗಳಲ್ಲಿ ಮಾಂಕ್ ಸೀಲ್ ಅನ್ನುವ ಅಪರೂಪದ ಕಡಲನಾಯಿಗಳು ಗುಹೆಗಳಲ್ಲಿ ಮರಿ ಹಾಕುತ್ತವೆ. ಕಂಡರೆ ದೂರದಿಂದ ನೋಡಿ ಸುಮ್ಮನಾಗಿ. ಅವು ಇರುವ ಗುಹೆಗೆ ಈಜಿಕೊಂಡು ಹೋಗಬೇಡಿ.

ಸಮುದ್ರ ಶಾಂತವಾಗಿದ್ದರೆ ಇದೇ ದಾರಿಯಲ್ಲಿ ಗ್ಲಾರೋನೀಸಿಯಾ ಕೇಳಿ. ಲಾವಾ ತಣ್ಣಗಾಗಿ ಆರು ಮೂಲೆಯ ಕಂಬಗಳಾಗಿ ನಿಂತ ಪುಟ್ಟ ದ್ವೀಪಗಳು. ನಾನು ಎರಡು ವಾರದಿಂದ ವರ್ಣಿಸುತ್ತಿದ್ದೆ. ದೋಣಿ ಹತ್ತಿರ ಹೋಯಿತು. ಅಮ್ಮ ಕಣ್ಣು ಕಿರಿದು ಮಾಡಿ ನೋಡಿದರು. "ಇದು ನಮ್ಮ ಮಲ್ಪೆ ಹತ್ತಿರದ್ದೇ ಅಲ್ವೇನೋ? ಅದಕ್ಕೆ ಇಷ್ಟು ದೂರ ಬರಬೇಕಿತ್ತಾ?" ಅಮ್ಮನ ತವರು ಉಡುಪಿ ಕಡೆ. ಸೇಂಟ್ ಮೇರಿಸ್ ದ್ವೀಪದ ಕಲ್ಲುಕಂಬಗಳೂ ಹಾಗೆಯೇ ಆದವು, ಇವಕ್ಕಿಂತ ಕೋಟ್ಯಂತರ ವರ್ಷ ಹಿರಿಯವು. ನನ್ನ ಹತ್ತಿರ ಉತ್ತರ ಇರಲಿಲ್ಲ.

5. ಬುಕ್ ಮಾಡುವಾಗ ಬರಹದಲ್ಲಿ ಕೇಳಿ

ಫೋನಿನಲ್ಲಿ ಮಾತಾಡಿ ಬಿಡಬೇಡಿ. ಇಮೇಲ್ ಅಥವಾ ವಾಟ್ಸಾಪ್‌ನಲ್ಲಿ ಉತ್ತರ ಬರಲಿ. ಗಾಳಿಯಿಂದ ರದ್ದಾದರೆ ಪೂರ್ತಿ ದುಡ್ಡು ವಾಪಸ್ಸೋ, ಬೇರೆ ದಿನವೋ? ಆ ಆಯ್ಕೆ ನಮ್ಮದೋ ಅವರದೋ? ದಾರಿ ಬದಲಾದರೆ ಅದನ್ನು ರದ್ದು ಅಂತ ಲೆಕ್ಕ ಹಾಕುತ್ತಾರೋ? ಹೆಚ್ಚಿನವರು ಹಾಕುವುದಿಲ್ಲ. ಕ್ಲೆಫ್ಟಿಕೋಗೆ ಹೋಗಲಾಗದೆ ದಕ್ಷಿಣದ ಬೀಚು ತೋರಿಸಿದರೆ ದುಡ್ಡು ಪೂರ್ತಿ ಕೊಡಬೇಕು. ಇದು ಮೊದಲೇ ಗೊತ್ತಿದ್ದರೆ ಆ ದಿನ ಮುಖ ಸಪ್ಪೆ ಆಗುವುದಿಲ್ಲ.

ಇಂಧನ ಸೇರಿದೆಯೋ ಬೇರೆಯೋ ಕೇಳಿ. ರಿಬ್‌ಗಳಿಗೆ ಇದು ದೊಡ್ಡ ಮೊತ್ತ. ತೆರಿಗೆ ಸೇರಿದೆಯೋ ಅಂತಲೂ ಕೇಳಿ. ಊಟ, ನೀರು, ಟವೆಲ್, ಈಜುವ ಕನ್ನಡಕ ಯಾವುದು ಬರುತ್ತದೆ? ಟಾಯ್ಲೆಟ್ ಇದೆಯೇ? ಸಂಕೋಚ ಬೇಡ, ಏಳೆಂಟು ಗಂಟೆಯ ಮಾತು. ನೆರಳು ಎಷ್ಟಿದೆ? ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದೆಯೇ? ಮಗುವಿನ ತೂಕ ಹೇಳಿಬಿಡಿ. ಹತ್ತಲು ಏಣಿಯೋ ಮೆಟ್ಟಿಲೋ, ನೀರಿಗೆ ಇಳಿಯಲು ಹಿಂದೆ ಹಲಗೆ ಇದೆಯೋ ಅಂತ ಕೇಳಿ ಫೋಟೋ ತರಿಸಿಕೊಳ್ಳಿ. ಅಮ್ಮ ಇಡೀ ದಿನ ಸಂತೋಷವಾಗಿದ್ದದ್ದು ಆ ಹಲಗೆ ಮೇಲೆ.

ಹತ್ತುವವರ ಹೆಸರು, ಪಾಸ್‌ಪೋರ್ಟ್ ನಂಬರ್ ಮೊದಲೇ ಕೇಳುತ್ತಾರೆ. ಪ್ರಯಾಣಿಕರ ಪಟ್ಟಿಗೆ ಅದು ಬೇಕು, ಗಾಬರಿ ಆಗಬೇಡಿ. ಗ್ರೀಸ್‌ಗೆ ಹೋಗಲು ಬೇಕಾದ ಷೆಂಗೆನ್ ವೀಸಾಗೆ ಹೇಗೂ 30,000 ಯೂರೋ ವಿಮೆ ಮಾಡಿಸಿರುತ್ತೀರಿ. ಆ ಪಾಲಿಸಿ ತೆಗೆದು ದೋಣಿ, ಈಜು, ಸ್ನಾರ್ಕೆಲಿಂಗ್ ಬಗ್ಗೆ ಏನು ಬರೆದಿದೆ ಅಂತ ಒಮ್ಮೆ ಓದಿ. ಕೆಲವರು ಸಣ್ಣ ಅಕ್ಷರದಲ್ಲಿ ಅದನ್ನೇ ಬಿಟ್ಟಿರುತ್ತಾರೆ.

6. ಸಸ್ಯಾಹಾರಿಗಳ ಊಟ

ಇದನ್ನು ಬುಕ್ ಮಾಡುವಾಗಲೇ ಹೇಳಿ, ದೋಣಿ ಹತ್ತಿದ ಮೇಲೆ ಅಲ್ಲ. ಸಮುದ್ರದ ಮಧ್ಯೆ ಅಂಗಡಿ ಇಲ್ಲ. ಗ್ರೀಕ್‌ನಲ್ಲಿ ಸಸ್ಯಾಹಾರಿಗೆ ಹೊರ್ಟೊಫಾಗೊಸ್ ಅನ್ನುತ್ತಾರೆ. ಪದ ಬಿಡಿಸಿದರೆ ಹುಲ್ಲು ತಿನ್ನುವವ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಿಸ್ಟೀಸಿಮೊ ಅನ್ನುವ ಇನ್ನೊಂದು ಪದ ಸಿಗುತ್ತದೆ, ಉಪವಾಸದ ಅಡುಗೆ ಅಂತ. ಅದರಲ್ಲಿ ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ ನಿಜ, ಆದರೆ ಸಿಗಡಿ, ಆಕ್ಟೋಪಸ್ ಇರಬಹುದು! ಅವರ ಉಪವಾಸಕ್ಕೆ ಅವು ನಡೆಯುತ್ತವೆ. "ಮೀನೂ ಬೇಡ, ಸಮುದ್ರದ್ದು ಯಾವುದೂ ಬೇಡ" ಅಂತ ಬಿಡಿಸಿ ಬರೆಯಿರಿ.

ಕೇಳಿದರೆ ಸಿಗುವುದು ಬಹಳ ಇದೆ. ಫಾವಾ ಅಂದರೆ ಹಳದಿ ಬೇಳೆ ಬೇಯಿಸಿ ಅರೆದದ್ದು, ಮೇಲೆ ಆಲಿವ್ ಎಣ್ಣೆ, ಹಸಿ ಈರುಳ್ಳಿ. ಒಗ್ಗರಣೆ ಒಂದು ಬಿಟ್ಟರೆ ನಮ್ಮದೇ. ಗೆಮಿಸ್ಟಾ ಅಂದರೆ ಟೊಮೆಟೊ, ದೊಣ್ಣೆಮೆಣಸಿನಕಾಯಿ ಒಳಗೆ ಅನ್ನ ತುಂಬಿದ್ದು, ಮಾಂಸ ಇಲ್ಲದ್ದು ಅಂತ ಖಚಿತ ಮಾಡಿಕೊಳ್ಳಿ. ಕಿಮೋಲೋಸ್‌ನ ಲಾಡೆನಿಯಾ ಟೊಮೆಟೊ ಈರುಳ್ಳಿ ಹಾಕಿದ ದಪ್ಪ ರೊಟ್ಟಿ, ಚೀಸ್ ಇಲ್ಲದ ಪಿಜ್ಜಾ ಅನ್ನಿ. ಮಿಲೋಸ್‌ನ ಪಿಟರಾಕಿಯಾ ನೋಡಲು ಥೇಟ್ ಕರ್ಜಿಕಾಯಿ, ಕಚ್ಚಿದರೆ ಉಪ್ಪು ಉಪ್ಪು ಚೀಸು. ಮಗಳು ಕರ್ಜಿಕಾಯಿ ಅಂತಲೇ ಬಾಯಿಗೆ ಹಾಕಿಕೊಂಡು ಮೋಸ ಹೋದಳು, ಆಮೇಲೆ ಐದು ತಿಂದಳು.

ಹೊಟ್ಟೆಗೆ ಸಮಾಧಾನ ಇರಲಿ ಅಂತ ನಾವು ಒಂದು ಡಬ್ಬಿ ಅವಲಕ್ಕಿ ಚುರುಮುರಿ ಒಯ್ದಿದ್ದೆವು. ಅರ್ಧ ದೋಣಿಯವನೇ ತಿಂದ.

7. ಹಿಂದಿನ ರಾತ್ರಿ

ಚೀಲ ಮೆತ್ತಗಿರಲಿ, ಗಟ್ಟಿ ಸೂಟ್‌ಕೇಸು ಬೇಡ. ಒಬ್ಬೊಬ್ಬರಿಗೆ ಒಂದು ಜೊತೆ ಒಣ ಬಟ್ಟೆ. ಈಜಲು ಹತ್ತಿ ಬಟ್ಟೆ ಬೇಡ, ಒದ್ದೆಯಾದರೆ ಕಲ್ಲಿನ ಭಾರ. ಈಜುಡುಗೆ ಇಷ್ಟವಿಲ್ಲದವರಿಗೆ ನೈಲಾನ್ ಲೆಗ್ಗಿಂಗ್ಸ್, ಉದ್ದ ತೋಳಿನ ಟೀಶರ್ಟ್ ಸಾಕು, ಯಾರೂ ತಿರುಗಿ ನೋಡುವುದಿಲ್ಲ. ಟೋಪಿಗೆ ಗಲ್ಲದ ಕೆಳಗೆ ಕಟ್ಟುವ ದಾರ ಇರಬೇಕು. ಕನ್ನಡಕಕ್ಕೂ ದಾರ ಬೇಕು. ಭಾವನ ಕನ್ನಡಕ ಈಗಲೂ ಕ್ಲೆಫ್ಟಿಕೋದ ತಳದಲ್ಲಿದೆ. ತಣ್ಣನೆಯ ನೀರಲ್ಲಿ ಬೆರಳು ಸಣ್ಣಗಾಗಿ ಉಂಗುರ ಜಾರುತ್ತದೆ, ರೂಮಿನಲ್ಲೇ ತೆಗೆದಿಡಿ. ಸಂಜೆಗೆ ಒಂದು ತೆಳು ಜಾಕೆಟ್ ಇರಲಿ, ಒದ್ದೆ ಮೈಗೆ ಗಾಳಿ ಬಿದ್ದರೆ ನಡುಕ ಬರುತ್ತದೆ.

ದೋಣಿಯಲ್ಲಿ ವಾಂತಿ ಬರುವವರು ಡಾಕ್ಟರನ್ನು ಕೇಳಿ ಮಾತ್ರೆಯನ್ನು ಊರಿಂದಲೇ ತನ್ನಿ. ಹತ್ತುವ ಮುಂಚೆಯೇ ನುಂಗಬೇಕು, ತಲೆ ಸುತ್ತು ಶುರುವಾದ ಮೇಲೆ ನುಂಗಿದರೆ ಅದೂ ಸಮುದ್ರಕ್ಕೇ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ತುಂಬ ತಿಂದೂ ಹೋಗಬೇಡಿ. ದೋಣಿ ಓಡುವಾಗ ಫೋನು ನೋಡದೆ ದೂರದ ದಡ ನೋಡುತ್ತಾ ಕೂತರೆ ಅರ್ಧ ಬಾಧೆ ಇಲ್ಲ.

ತುರ್ತು ನಂಬರ್ ಎರಡು ಬರೆದಿಟ್ಟುಕೊಳ್ಳಿ: 112, ಕರಾವಳಿ ಕಾವಲು ಪಡೆಗೆ 108. ಹೌದು, ನಮ್ಮ ಆಂಬುಲೆನ್ಸ್ ನಂಬರೇ ಅಲ್ಲಿ ಕೋಸ್ಟ್ ಗಾರ್ಡ್ ನಂಬರು.

8. ದೋಣಿಯ ಮೇಲೆ

ಹತ್ತುವಾಗ ಚಪ್ಪಲಿ ಬಿಚ್ಚಿ ಬುಟ್ಟಿಗೆ ಹಾಕಿ ಅನ್ನುತ್ತಾರೆ. ದೇವಸ್ಥಾನಕ್ಕೆ ಹೋದ ಹಾಗೆ. ಲೈಫ್ ಜಾಕೆಟ್ ಎಲ್ಲಿದೆ, ಹಾಕಿಕೊಳ್ಳುವುದು ಹೇಗೆ ಅಂತ ತೋರಿಸದೆ ಹೊರಟರೆ ನೀವೇ ಕೇಳಿ. ಟಾಯ್ಲೆಟ್‌ಗೆ ಕಾಗದ ಹಾಕುವಂತಿಲ್ಲ, ಪಕ್ಕದ ಡಬ್ಬಿಗೆ. ಕಟ್ಟಿಕೊಂಡರೆ ಇಡೀ ದೋಣಿಗೆ ಒಂದೇ ಇರುತ್ತದೆ, ನೆನಪಿರಲಿ.

ಈಜು ಬಾರದವರು ಮೊದಲೇ ಜೋರಾಗಿ ಹೇಳಿ. ನಾಚಿಕೆ ಪಟ್ಟು ಮುಚ್ಚಿಡುವ ವಿಷಯ ಇದಲ್ಲ. ನೀರು ತಿಳಿಯಾಗಿ ಇರುವುದರಿಂದ ಹತ್ತು ಮೀಟರ್ ಆಳವೂ ಸೊಂಟದ ಮಟ್ಟದ ಹಾಗೆ ಕಾಣುತ್ತದೆ. ಏಣಿ ಹಿಡಿದೇ ಇಳಿಯಿರಿ, ಜಾಕೆಟ್ ಬಿಚ್ಚಬೇಡಿ, ಎಂಜಿನ್ ನಿಂತ ಮೇಲೆ ಮಾತ್ರ.

ಕ್ಲೆಫ್ಟಿಕೋದಲ್ಲಿ ಲಂಗರು ಹಾಕುವುದನ್ನು ಗಮನಿಸಿ. ನಮ್ಮವನು ಎಂಜಿನ್ ತಗ್ಗಿಸಿ ದೋಣಿಯ ಮೂತಿಗೆ ಹೋಗಿ ಬಗ್ಗಿ ನಿಂತ. ಕೆಳಗೆ ಕಡು ಹಸಿರು ತೇಪೆ, ಅದರ ನಡುವೆ ಬೆಳ್ಳಗಿನ ತೇಪೆ. ಹಸಿರು ಪೊಸಿಡೋನಿಯಾ ಅನ್ನುವ ಕಡಲಹುಲ್ಲು. ಮೀನು ಮೊಟ್ಟೆಯಿಡುವ ಜಾಗ, ಲಂಗರು ಎಳೆದರೆ ಬೇರು ಸಮೇತ ಕಿತ್ತು ಬರುತ್ತದೆ. ಬಿಳಿ ಅಂದರೆ ಮರಳು. ಎರಡು ಸಲ ಸುತ್ತು ಹಾಕಿ ಬಿಳಿಯ ಮೇಲೆ ಬಂದ ಮೇಲೆಯೇ ಸರಪಳಿ ಬಿಟ್ಟ. ಗರಗರ ಅಂತ ಇಳಿದು ನಿಂತಿತು. ಇಷ್ಟು ಹುಷಾರಿನವನು ಸಿಕ್ಕರೆ ಉಳಿದದ್ದಕ್ಕೂ ಅವನನ್ನು ನಂಬಬಹುದು.

ಕ್ಲೆಫ್ಟಿಕೋ ಅನ್ನುವ ಹೆಸರು ಕಳ್ಳರಿಂದ ಬಂದದ್ದು. ಕಡಲ್ಗಳ್ಳರು ಇಲ್ಲಿ ಅಡಗುತ್ತಿದ್ದರು ಅನ್ನುತ್ತಾರೆ. ಬಿಳಿ ಬಂಡೆಗಳ ನಡುವೆ ಕಮಾನು, ಸುರಂಗ, ಒಂದರಿಂದ ಇನ್ನೊಂದಕ್ಕೆ ಈಜಬಹುದು. ಕಳ್ಳರಿಗಿಂತ ಬಹಳ ಹಿಂದೆಯೇ ಜನ ಈ ದ್ವೀಪಕ್ಕೆ ದೋಣಿಯಲ್ಲಿ ಬರುತ್ತಿದ್ದರು. ಇಲ್ಲಿ ಸಿಗುವ ಅಬ್ಸಿಡಿಯನ್ ಅನ್ನುವ ಕಪ್ಪು ಗಾಜುಕಲ್ಲು, ಚಾಕುವಿನಷ್ಟು ಹರಿತ, 10,000 ವರ್ಷಕ್ಕೂ ಹಿಂದೆ ಗ್ರೀಸ್‌ನ ಮುಖ್ಯ ನೆಲಕ್ಕೆ ಸಾಗಿದೆ. ಸಮುದ್ರ ದಾಟದೆ ಅದು ಅಲ್ಲಿಗೆ ಹೋಗಲು ದಾರಿಯೇ ಇಲ್ಲ. ಅವರಿಗೆ ಯಾವ ಆ್ಯಪ್ ಇತ್ತೋ!

ಸಿಕಿಯಾ ಒಳಗೆ ಹೋದಾಗ ಹನ್ನೆರಡೂವರೆ. ಒಳಗೆ ಬರುತ್ತಿದ್ದಂತೆ ಎಂಜಿನ್ ನಿಲ್ಲಿಸಿದ. ಗಾಳಿಯ ಸದ್ದು ಬಾಗಿಲು ಹಾಕಿದ ಹಾಗೆ ನಿಂತುಹೋಯಿತು. ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು. ಮೇಲಿನ ಬಾಯಿಂದ ಬಿದ್ದ ಬಿಸಿಲು ಒಂದು ದೊಡ್ಡ ತಟ್ಟೆಯಷ್ಟು ಜಾಗದಲ್ಲಿ ನೀರನ್ನು ಬೆಳಗಿ, ಅದರ ಅಲುಗಾಟ ಗೋಡೆ ಮೇಲೆ ಹರಿದಾಡುತ್ತಿತ್ತು. ಮಗಳು "ಅಜ್ಜೀ" ಅಂತ ಕೂಗಿದಳು. ಗುಹೆ ಮೂರು ಸಲ ಅಜ್ಜಿಯನ್ನು ಕರೆಯಿತು. ಹಲಗೆ ಮೇಲೆ ಕೂತು ಕಾಲು ಇಳಿಬಿಟ್ಟಿದ್ದ ಅಮ್ಮ "ಓ" ಅಂದರು. ಮಲ್ಪೆಯ ಮಾತು ಆಮೇಲೆ ಎತ್ತಲಿಲ್ಲ.

9. ವಾಪಸ್ ಬಂದ ಮೇಲೆ

ಟಿಪ್ಸ್ ಕಡ್ಡಾಯವಲ್ಲ. ಖುಷಿಯಾಗಿದ್ದರೆ ನೂರಕ್ಕೆ ಐದರಿಂದ ಹತ್ತು, ನಗದಾಗಿ, ಕೈಗೆ ಕೊಡಿ. ಎಫ್‌ಹರಿಸ್ತೋ ಅಂದರೆ ಧನ್ಯವಾದ. ಬಟ್ಟೆ, ಈಜುವ ಕನ್ನಡಕವನ್ನು ಅವತ್ತೇ ಸಿಹಿನೀರಲ್ಲಿ ಜಾಲಿಸಿ. ತಲೆ ಸ್ನಾನ ಮಾಡಿ, ಉಪ್ಪು ಕೂದಲಲ್ಲೇ ಒಣಗಿದರೆ ಮರುದಿನ ಬಾಚಣಿಗೆ ಇಳಿಯುವುದಿಲ್ಲ. ನೀರು ಚೆನ್ನಾಗಿ ಕುಡಿಯಿರಿ, ಗಾಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ.

ರಾತ್ರಿ ಮಲಗಿದಾಗ ಮಂಚ ಮೆಲ್ಲಗೆ ತೂಗಿದಂತೆ ಆಗುತ್ತದೆ. ಆರೂ ಜನಕ್ಕೂ ಆಯಿತು. ಭೂಕಂಪ ಅಂತ ಅಕ್ಕ ಎದ್ದು ಕೂತಳು. ಬೆಳಗ್ಗೆ ಹೊತ್ತಿಗೆ ಹೋಗುತ್ತದೆ, ಮಾತ್ರೆ ಬೇಡ.

ಉಳಿಸಿಟ್ಟ ದಿನ ಎರಡು ಹಾಗೇ ಉಳಿದಿದ್ದವು. ಒಂದರಲ್ಲಿ ಕ್ಲಿಮಾದ ದೋಣಿ ಕೊಟ್ಟಿಗೆಗಳ ಮುಂದೆ ನಡೆದೆವು. ಇನ್ನೊಂದರಲ್ಲಿ ಮೆಲ್ಟೆಮಿ 7 ಬೀಸಿತು. ಟವೆಲ್‌ಗೆ ಈ ಸಲ ಎರಡು ಕ್ಲಿಪ್ ಹಾಕಿದ್ದೆ.